ತಲೆ ಉಳಿದ ಮಾತುಮೀನು

ಮಾತುಮೀನು ಬಲೆಗೆ ಬಿದ್ದರೆ ನನ್ನ ಅಣ್ಣ ಶೀನಣ್ಣ ದೋಣಿಯಲ್ಲೇ ಅದರ ತಲೆ ಕಡಿದುಬಿಡುತ್ತಾನೆ. ನೀರೊಳಗೆ ಕೊನೆಯದಾಗಿ ಕೇಳಿದ ಮನುಷ್ಯರ ಮಾತು ಅದರ ಗಂಟಲಲ್ಲಿ ಉಳಿದಿರುತ್ತದೆ, ಕಿವಿರು ಒತ್ತಿದರೆ ಹೇಳುತ್ತದೆ. "ಸತ್ತವರ ಸ್ವರ ಹೆಂಗಸರು ಕೇಳ್ಬಾರ್ದು," ಎನ್ನುವ ಅವನನ್ನು ಮಾರ್ಕೆಟ್ಟೇ ಹೊಗಳುತ್ತದೆ. ನನ್ನ ಗಂಡ ಸಮುದ್ರಕ್ಕೆ ಬಿದ್ದದ್ದು ಅವನ ದೋಣಿಯಿಂದಲೇ. ಬಿದ್ದದ್ದು ಯಾರಿಗೂ ಗೊತ್ತಾಗಲಿಲ್ಲವಂತೆ.

ಇವತ್ತು ಬುಟ್ಟಿಯಲ್ಲಿ ತಲೆ ಇದ್ದ ಮೀನೊಂದು ಕಣ್ತಪ್ಪಿ ಬಂದಿತ್ತು.

"ಒಮ್ಮೆ ಒತ್ತು ಮಾರಾಯ್ತಿ, ಎಂತ ಹೇಳ್ತದೆ ನೋಡುವ," ಎಂದರು ಮೀನು ಕೊಳ್ಳಲು ಬಂದ ಟೀಚರು.

ಒತ್ತಿದೆ.

"ಬಾವಾ, ಹಗ್ಗ ಬಿಸಾಡಿ! ಬಾವಾ!" ನನ್ನ ಗಂಡನದೇ ಸ್ವರ. ಅದರ ಮೇಲೆ ಅಣ್ಣನದು: "ಮೊದ್ಲು ಬಲೆ ಎಳೀರಿ! ಮೀನು ಹೋಗ್ತದೆ!"

"ಯಾರದ್ದು ಗುಲಾಬಿ, ಆ ಮಾತು?"

"ಯಾರದ್ದೋ. ತುಂಡು ಮಾಡ್ಬೇಕಾ ಟೀಚರೇ?"

ಕತ್ತಿ ಹಿಡಿದು ಮೊದಲು ಅದರ ತಲೆ ಕಡಿದೆ. ಗಂಡ ಬಿದ್ದ ಆ ದಿನವೂ ದೋಣಿ ಮೀನು ತುಂಬಿ ಬಂದಿತ್ತು. ಅಣ್ಣನೇ ಬುಟ್ಟಿಯನ್ನು ನನ್ನ ತಲೆಗೇರಿಸಿ, "ಮೊದ್ಲು ಇದನ್ನು ಮಾರಿ ಬಾ, ಆಮೇಲೆ ಒಂದು ವಿಷಯ ಹೇಳ್ಲಿಕ್ಕುಂಟು," ಎಂದಿದ್ದ.

ಕೂಗಿ ಕೂಗಿ ಎಲ್ಲವನ್ನೂ ಮಾರಿಯೇ ನಾನು ಮನೆಗೆ ಹೋಗಿದ್ದೆ.