ಗೌರಿಯ ಕೆಚ್ಚಲು

೧೯೩೬ರಲ್ಲಿ ನನಗೆ ಒಂಬತ್ತು ವರ್ಷ. ಇಂದಿಗೂ ಲೋಳೆಸರದ ಕಹಿ ವಾಸನೆ ಬಂದರೆ ಬೈರಿದೇವರಕೊಪ್ಪದ ಆ ಮಧ್ಯಾಹ್ನವೇ ಎದುರು ನಿಲ್ಲುತ್ತದೆ.

ತೀರಿಹೋದ ನನ್ನ ತಾಯಿ ತವರಿನಿಂದ ತಂದಿದ್ದ ಆಕಳು ಗೌರಿ. ಅದರ ಕೆಚ್ಚಲು ಬಾತು ಕಲ್ಲಿನಂತಾಗಿತ್ತು. ಅಜ್ಜಿ ಲೋಳೆಸರ, ಅರಿಷಿಣ, ಸುಣ್ಣವನ್ನು ಕೂಡಿಸಿ ಅರೆದಳು. ತಣ್ಣಗೆ ಜಾರುತ್ತಿದ್ದ ಆ ಕೆಂಪು ಲೇಪವನ್ನು ನಾನು ಹಚ್ಚಿದೆ.

“ಆರಾಮಾದ್ರ ಗೌರಿ ನಮ್ಮ ಮನ್ಯಾಗ ಇರ್ತಾಳಲ್ಲಬೇ, ಅಜ್ಜಿ?” ಎಂದು ಕೇಳಿದೆ.

ಅಜ್ಜಿ ತಲೆ ಎತ್ತಲಿಲ್ಲ. “ಮೆತ್ತಗ ಹಚ್ಚು, ಮಗಾ. ಒದ್ದಾಳು.”

ಪಡಸಾಲೆಯಿಂದ ತಂದೆಯ ಧ್ವನಿ ಬಂತು: “ಲಗೂ ಬಾವು ಇಳೀಲಿ, ಯವ್ವಾ. ಬ್ಯಾನಿ ಬಿದ್ದ ಆಕಳಾ ಯಾರ್ ಕೊಳ್ತಾರ?”

ಬಟ್ಟಲಿನಲ್ಲಿ ಉಳಿದಿದ್ದ ಲೇಪವನ್ನೂ ಹಚ್ಚಿದೆ.

ಬಾವು ಇಳಿಯಿತು. ಹಾಲು ಮೊದಲಿನಂತೆ ಬೆಳ್ಳಗಾಯಿತು. ಗೌರಿಯ ಹಗ್ಗವನ್ನು ತಂದೆ ಕೊಂಡವನ ಕೈಗೆ ಕೊಟ್ಟದ್ದು ೧೯೩೬ನೆಯ ನವೆಂಬರ್ ೨೧, ಶನಿವಾರ.