ಹಕ್ಕಳೆ ಡಬ್ಬಿ

ಬೇವಿನೆಲೆ ಹಾಸಿದ ಚಾಪೆಯ ಮೇಲೆ, ಮೈಮೇಲೆ ಅಮ್ಮ ಎದ್ದು ತೀರಿಕೊಂಡ ಹುಡುಗಿಯ ಗುಳ್ಳೆ ಒಣಗಿ ಉದುರಿದ್ದ ಹಕ್ಕಳೆಗಳನ್ನು ಲ್ಯಾಬಿನ ಸುನಿತಾ ಚಿಮಟದಲ್ಲಿ ಎತ್ತಿ ಕೊಳವೆಗೆ ಹಾಕಿದಳು. ಮನೆಯವರು ಅವಳನ್ನು ಬೆಳಿಗ್ಗೆಯೇ ಮಣ್ಣು ಮಾಡಿ ಬಂದಿದ್ದರು. ಯಾವ ವೈರಸ್ ಎಂದು ತಿಳಿಯಲು ಸ್ಯಾಂಪಲ್ಲು ಇವತ್ತೇ ಪಾವಗಡದಿಂದ ಬೆಂಗಳೂರಿನ ಬಸ್ಸು ಹತ್ತಬೇಕಿತ್ತು.

ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬರ್ತೀನಿ ಅನ್ನಬಾರದು. ಸುನಿತಾ ಕೊಳವೆಯನ್ನು ಡಬ್ಬಿಯಲ್ಲಿಟ್ಟು ಮುಚ್ಚಿ, ಮಾತಿಲ್ಲದೆ ಹೊಸಿಲು ದಾಟಿದಳು.

"ಅಂಗೇ ಹೋಗ್ಬ್ಯಾಡ ಕಣಮ್ಮ," ಹುಡುಗಿಯ ತಾಯಿ ಮಾರಕ್ಕ ತಡೆದಳು. "ನನ್ ಮಗ್ಳುದು ಮಣ್ಣಿಗೆ ಹೋಗ್ದೆ ಉಳ್ದಿರೋದು ಅಷ್ಟೇಯ. ಹೋಗ್ಬತ್ತೀನಿ ಅನ್ನು."

ಸುನಿತಾ ಹಿಂದಿರುಗಿ ನಿಂತು, "ಹೋಗ್ಬರ್ತೀನಿ," ಅಂದಳು.

ಮಾರಕ್ಕ ಅವಳ ಮುಖ ನೋಡಲಿಲ್ಲ. ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಸವರಿ, "ಬಿರ್ನೆ ಬಂದ್ಬುಡು ಮಗಾ," ಅಂದಳು.