ಒಂದೇ ಸಾಲಿನ ಅಳಿಯ

ಲಗ್ನಪತ್ರಿಕೆಯ ಕರಡಿನಲ್ಲಿ ಭಾವೀ ಅಳಿಯನ ಡಿಗ್ರಿ ಅರ್ಧಕ್ಕೆ ಮುರಿದು, ಅಡ್ಡಗೆರೆ ಹೊತ್ತು ಕೆಳಗಿನ ಸಾಲಿಗೆ ಇಳಿದಿತ್ತು. ಸಾಹುಕಾರರು ಆ ಕಾಗದವನ್ನು ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುವ ಗುರುಪಾದಪ್ಪನ ಮುಖಕ್ಕೇ ಎಸೆದರು.

"ನಾಕನೇ ಇಯತ್ತೆ ದಾಟದ ಮುದುಕಾ, ಡಾಕ್ಟರಕಿ ಡಿಗ್ರಿ ಮುರೀತಿಯೇನೋ? ಊರಾಗ ನನ್ನ ಮಾನ ಏನಾಗಬೇಕು?"

"ಸಾಲು ಸಣ್ಣದೈತ್ರಿ ಸಾಹುಕಾರ್ರ. ಡಿಗ್ರಿ ಬಿಟ್ಟರ ಹೆಸರು ಚಂದ ಕೂಡತೈತಿ."

"ಬೇಕಾದ್ರ ಹೆಸರು ಬಿಡು! ಡಿಗ್ರಿ ನೋಡಿನೇ ಮಗಳನ್ನ ಕೊಡಾಕತ್ತೇನಿ."

ಸಾಹುಕಾರರು ಸಿಡಿಮಿಡಿಗುಟ್ಟುತ್ತ ಹೊರಬಿದ್ದರು. ಜೊತೆಗೆ ಬಂದಿದ್ದ ಅಳಿಯ ಮಾತ್ರ ಹಿಂದೆ ಉಳಿದ. ಇವನದೂ ಒಂದು ಬೈಗುಳ ಆಗಿಹೋಗಲಿ ಎಂದು ಗುರುಪಾದಪ್ಪ ತಲೆ ತಗ್ಗಿಸಿ ನಿಂತ. ಅಳಿಯ ಅವನ ಮಸಿ ಮೆತ್ತಿದ ಕೈ ಹಿಡಿದುಕೊಂಡ.

"ಅಜ್ಜಾರ, ಹೆಂಗರ ಮಾಡಿ ಅದನ್ನ ತಗದಬಿಡ್ರಿ. ನಾ ಆ ಪರೀಕ್ಷೆ ಪಾಸೇ ಆಗಿಲ್ಲ."